ಊರಿನ ರೇಡಿಯೊ, ಮೈಸೂರಿನ ಮನೆ: ರೂಟರ್ ಪೋರ್ಟ್ ಫಾರ್ವರ್ಡಿಂಗ್ ಬಗ್ಗೆ ಹ್ಯಾಮ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಆಂಟೆನಾ ಊರಿನಲ್ಲಿ, ಕೆಲಸ ಮತ್ತು ಮಕ್ಕಳ ಓದು ಮೈಸೂರಿನಲ್ಲಿ. ಈ ಭಾಗದ ಎಷ್ಟೋ ಹ್ಯಾಮ್‌ಗಳ, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕೆ ರೇಡಿಯೊ ನಡೆಸುವವರ, ಸ್ಥಿತಿ ಇದೇ. ಇಂಟರ್ನೆಟ್ ಮೂಲಕ ಆ ರೇಡಿಯೊವನ್ನು ನಡೆಸಲು ಹೊರಟವರು ಹೆಚ್ಚಾಗಿ ಎಡವುವುದು ರೇಡಿಯೊದಲ್ಲಲ್ಲ, ರೂಟರ್‌ನಲ್ಲಿ. ಅಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ. ನೆಟ್‌ವರ್ಕಿಂಗ್ ಓದಿರದಿದ್ದರೂ ಅರ್ಥವಾಗಬೇಕೆಂದು ಬಿಡಿಸಿ ಬರೆದಿದ್ದೇನೆ.

ಇಷ್ಟೆಲ್ಲ ಕಷ್ಟಪಡುವುದಕ್ಕೆ ಬೆಲೆ ಇದೆಯೇ? ಮೈಸೂರಿನ ಮನೆಯಲ್ಲೇ ಸೆಟ್ ಇಟ್ಟುಕೊಂಡರೆ ಆಗದೇ?

ಜಾಗ ಇದ್ದರೆ ಇಟ್ಟುಕೊಳ್ಳಿ. ಆದರೆ ಕುವೆಂಪುನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ಕೂತು 40 ಮೀಟರ್ ಬ್ಯಾಂಡ್ ತಿರುಗಿಸಿ ನೋಡಿ. ಎಲ್‌ಇಡಿ ದೀಪ, ಇನ್ವರ್ಟರ್, ಟಿವಿ ಅಡಾಪ್ಟರ್, ಚಾವಣಿಯ ಸೋಲಾರ್ ಎಲ್ಲವೂ ಸೇರಿ ಎಬ್ಬಿಸುವ ಗದ್ದಲದಲ್ಲಿ ದೂರದ ದನಿಗಳು ಮುಳುಗಿಹೋಗಿರುತ್ತವೆ. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಡೈಪೋಲ್ ಎಂದರೆ ಸುಮಾರು 20 ಮೀಟರ್ ತಂತಿ. ಅದನ್ನು ಟೆರೇಸಿನ ಮೇಲೆ ಕಟ್ಟಲು ಸಂಘದವರು ಸುಲಭಕ್ಕೆ ಒಪ್ಪುವುದಿಲ್ಲ. ಪಾಂಡವಪುರದ ಕಡೆಯ ತೋಟದ ಮನೆಯಾದರೆ ಎರಡು ತೆಂಗಿನ ಮರ ಸಾಕು. ಪಂಪ್‌ಸೆಟ್‌ಗೆ ತ್ರೀ ಫೇಸ್ ಬಂದ ಹೊತ್ತಿನಲ್ಲಿ ಅಲ್ಲೂ ಸದ್ದು ಏಳುತ್ತದೆ, ನಿಜ. ಮೋಟಾರು ನಿಂತ ಮೇಲೆ ಸಿಗುವ ನಿಶ್ಶಬ್ದ ಮಾತ್ರ ಪಟ್ಟಣದಲ್ಲಿ ಯಾವ ದುಡ್ಡಿಗೂ ಸಿಗದು.

ಮೈಸೂರಿಗೆ ಮನೆಯ ರೇಡಿಯೊ ಹೊಸದೂ ಅಲ್ಲ. ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿ 'ಆಕಾಶವಾಣಿ' ಎಂಬ ಹೆಸರಿಟ್ಟ ಊರು ಇದು.

ಪೋರ್ಟ್ ಫಾರ್ವರ್ಡಿಂಗ್ ಎಂದರೆ ಸರಳವಾಗಿ ಏನು?

ನಿಮ್ಮ ಮನೆಯ ಫೋನು, ಕಂಪ್ಯೂಟರ್, ರೇಡಿಯೊ ಎಲ್ಲಕ್ಕೂ ಹೊರಗೆ ಕಾಣುವ ಐಪಿ ವಿಳಾಸ ಒಂದೇ. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ರೂಟರ್ ಸರಿಯಾಗಿ ತಲುಪಿಸುತ್ತದೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದದ್ದನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯದು, ಎಸೆದುಬಿಡುತ್ತದೆ. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ 'ಇಂಥ ಹೆಸರು ಹೇಳಿಕೊಂಡು ಬಂದವರನ್ನು ಮಾತ್ರ ನಮ್ಮ ಮನೆಗೆ ಕಳಿಸಿ' ಎಂದು ಮೊದಲೇ ಹೇಳಿಟ್ಟ ಹಾಗೆ, '50001ನೇ ಪೋರ್ಟಿಗೆ ಬಂದದ್ದನ್ನು ರೇಡಿಯೊಗೆ ಕೊಡು' ಎಂದು ರೂಟರ್‌ಗೆ ಬರೆದಿಡುವ ನಿಯಮವೇ ಪೋರ್ಟ್ ಫಾರ್ವರ್ಡಿಂಗ್. ಪೋರ್ಟ್ ಎಂದರೆ ಬಂದದ್ದು ಯಾವ ಸೇವೆಗೆ ಎಂದು ಗುರುತಿಸುವ ಸಂಖ್ಯೆ.

ಎಲ್ಲಿಂದ ಶುರು ಮಾಡಲಿ?

ರೂಟರ್‌ನ ನಿಯಮಗಳ ಪುಟದಿಂದ ಅಲ್ಲ. ಮೊದಲು ನಿಮ್ಮ ಲೈನಿಗೆ ನಿಜವಾದ ಸಾರ್ವಜನಿಕ ಐಪಿ, ಅಂದರೆ ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ, ಬಂದಿದೆಯೇ ನೋಡಿ. ಇದನ್ನು ಬಿಟ್ಟು ಮುಂದೆ ಹೋದವರು ಇಡೀ ಭಾನುವಾರ ರೂಟರ್ ಮುಂದೆ ಕಳೆದು, ತಪ್ಪು ತಮ್ಮದೇ ಎಂದುಕೊಂಡು ಕೈಚೆಲ್ಲುತ್ತಾರೆ. ಎಷ್ಟೋ ಸಲ ಅವರು ಹಾಕಿದ ನಿಯಮ ಸರಿಯಾಗಿಯೇ ಇರುತ್ತದೆ.

ಪರೀಕ್ಷೆ ಐದು ನಿಮಿಷದ್ದು. ರೂಟರ್‌ನ ಪುಟ ತೆರೆದು ಸ್ಟೇಟಸ್ ಭಾಗದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಏನಿದೆ ಎಂದು ಬರೆದುಕೊಳ್ಳಿ. ಅದೇ ಮನೆಯ ವೈಫೈನಲ್ಲಿ ಬ್ರೌಸರ್ ತೆರೆದು 'ನನ್ನ ಐಪಿ ಏನು' ಎಂದು ಹುಡುಕಿ. ಎರಡೂ ಒಂದೇ ಆಗಿದ್ದರೆ ಮುಂದುವರಿಯಿರಿ. ಬೇರೆಯಾಗಿದ್ದರೆ ವ್ಯಾನ್ ಐಪಿ ಯಾವ ಗುಂಪಿನದು ನೋಡಿ. 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ವಿಳಾಸಗಳ ಕೊರತೆ ನೀಗಲೆಂದೇ 2012ರಲ್ಲಿ ಈ ಗುಂಪನ್ನು ಮೀಸಲಿಟ್ಟದ್ದು. 10, 192.168 ಅಥವಾ 172.16ರಿಂದ 172.31ರ ಸಾಲಿನದಾದರೆ ಕಂಪನಿಯೇ ಖಾಸಗಿ ವಿಳಾಸ ಕೊಟ್ಟಿರಬಹುದು, ಇಲ್ಲವೇ ನಿಮ್ಮ ಮನೆಯಲ್ಲೇ ಇನ್ನೊಂದು ರೂಟರ್ ನಡುವೆ ಕೂತಿರಬಹುದು.

ಸಿಜಿನ್ಯಾಟ್ ಎಂದು ಖಚಿತವಾಯಿತು. ಇನ್ನು ದಾರಿ ಇಲ್ಲವೇ?

ಇದೆ. ಆದರೆ ನಿಮ್ಮ ರೂಟರ್‌ನಲ್ಲಿ ಏನು ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಹೊರಗಿನ ಕರೆ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ.

ಒಂದು ದಾರಿ, ಸ್ಟ್ಯಾಟಿಕ್ (ಬದಲಾಗದ ಸಾರ್ವಜನಿಕ) ಐಪಿ ಕೇಳುವುದು. ಹಲವು ಫೈಬರ್ ಕಂಪನಿಗಳು ಹೆಚ್ಚುವರಿ ಶುಲ್ಕ ಪಡೆದು ಕೊಡುತ್ತವೆ. ಊರಿನ ಕೇಬಲ್‌ನವರ ಮೂಲಕ ಲೈನ್ ಪಡೆದಿದ್ದರೆ ಮೊದಲು ಅವರನ್ನೇ ವಿಚಾರಿಸಿ. ಸಹಾಯವಾಣಿಗಿಂತ ಬೇಗ ಕೆಲಸ ಆಗುತ್ತದೆ. ಇನ್ನೊಂದು, ಐಪಿ ವಿಳಾಸದ ಹೊಸ ಪದ್ಧತಿಯಾದ ಐಪಿವಿ6. ಅದರಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಇರುವುದರಿಂದ ಫಾರ್ವರ್ಡಿಂಗ್ ಬದಲು ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಕು. ಎರಡೂ ತುದಿಗೆ ಐಪಿವಿ6 ಇರಬೇಕು, ಬಳಸುವ ಸಾಫ್ಟ್‌ವೇರ್ ಅದನ್ನು ಒಪ್ಪಬೇಕು. ಹ್ಯಾಮ್‌ಗಳು ಇಂಟರ್ನೆಟ್ ಮೂಲಕ ಮಾತಾಡಲು ಬಳಸುವ ಎಕೋಲಿಂಕ್ ಹಳೆಯ ಐಪಿವಿ4 ಮೇಲೆಯೇ ನಡೆಯುವಂಥದ್ದು.

ಮೂರನೆಯದು, ನಾನು ಹೆಚ್ಚಿನವರಿಗೆ ಹೇಳುವುದು, ಟೇಲ್‌ಸ್ಕೇಲ್ ಅಥವಾ ಜೀರೋಟಿಯರ್ ಎಂಬ ವಿಪಿಎನ್ ಸಾಫ್ಟ್‌ವೇರ್, ಅಂದರೆ ಎರಡು ಮನೆಗಳ ನಡುವೆ ಇಂಟರ್ನೆಟ್ಟಿನಲ್ಲೇ ಖಾಸಗಿ ದಾರಿ ಹಾಕುವಂಥದ್ದು. ಊರಿನ ಮನೆಯಲ್ಲಿ ರಾಸ್‌ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ, ಇಲ್ಲಿ ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿದರೆ ಎರಡೂ ಒಳಗಿನಿಂದ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಪೋರ್ಟ್ ತೆರೆಯುವ ಮಾತೇ ಇಲ್ಲ. ಊರಿನಲ್ಲಿ ಫೈಬರ್ ಬಂದಿಲ್ಲ, 4ಜಿ ಡಾಂಗಲ್ ಮಾತ್ರ ಎನ್ನುವವರಿಗೂ ಇದೇ ಸರಿ. ರೇಡಿಯೊದೊಳಗೆ ಇವನ್ನು ಹಾಕಲಾಗದು. ಆದ್ದರಿಂದ ಪೈ ತನ್ನ ಹಿಂದಿನ ಇಡೀ ನೆಟ್‌ವರ್ಕಿಗೆ ದಾರಿ ಕೊಡುವಂತೆ ಸಬ್‌ನೆಟ್ ರೂಟಿಂಗ್ ಆನ್ ಮಾಡಬೇಕು.

ಇಲ್ಲಿ ಒಂದು ಸಣ್ಣ ವಿಷಯಕ್ಕೆ ಬಹಳ ಜನ ಸಿಕ್ಕಿಬೀಳುತ್ತಾರೆ. ಎರಡೂ ಮನೆಯ ರೂಟರ್‌ಗಳು 192.168.1 ಎಂದೇ ಶುರುವಾಗಿದ್ದರೆ ಲ್ಯಾಪ್‌ಟಾಪ್‌ಗೆ ಯಾವ ಮನೆಯ ರೇಡಿಯೊ ಎಂದು ಗೊತ್ತಾಗುವುದಿಲ್ಲ. ಊರಿನ ರೂಟರ್‌ನ ಒಳವಿಳಾಸವನ್ನು 192.168.73 ಎಂಬಂಥ ಬೇರೆ ಸಾಲಿಗೆ ಮೊದಲೇ ಬದಲಿಸಿ.

ಕಂಪನಿಯವರ ಪೆಟ್ಟಿಗೆ ಒಂದು, ನಾನು ಕೊಂಡ ರೂಟರ್ ಇನ್ನೊಂದು. ನಿಯಮ ಯಾವುದರಲ್ಲಿ ಬರೆಯಬೇಕು?

ಎರಡೂ ರೂಟರ್ ಕೆಲಸ ಮಾಡುತ್ತಿದ್ದರೆ ಎರಡರಲ್ಲೂ. ಫೈಬರ್ ಬಂದು ಸೇರುವ ಕಂಪನಿಯ ಪೆಟ್ಟಿಗೆಯಾದ ಓಎನ್‌ಟಿಯಲ್ಲಿ ನಿಮ್ಮ ರೂಟರ್‌ಗೆ, ನಿಮ್ಮ ರೂಟರ್‌ನಲ್ಲಿ ರೇಡಿಯೊಗೆ. ಇದಕ್ಕಿಂತ ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನ್ ಮಾತ್ರ ದಾಟಿಸುವಂತೆ) ಹಾಕಿಸಿ ನಿಮ್ಮ ರೂಟರ್‌ನಿಂದಲೇ ಕಂಪನಿಯ ಲೈನಿಗೆ ಪಿಪಿಪಿಒಇ ಲಾಗಿನ್ ಮಾಡುವುದು ಅಚ್ಚುಕಟ್ಟು. ಹಾಗೆ ಮಾಡುವ ಮುನ್ನ ಲೈನ್‌ಮನ್ ಬಳಿ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಮೂರನ್ನೂ ಬರೆಸಿಟ್ಟುಕೊಳ್ಳಿ. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನು ಸೇರಿದ್ದರೆ ಅದು ನಿಲ್ಲುವುದಿಲ್ಲವೆಂದೂ ಖಚಿತಪಡಿಸಿಕೊಳ್ಳಿ, ಮನೆಯಲ್ಲಿ ಹಿರಿಯರಿದ್ದರಂತೂ.

ಸರಿ, ಸಾರ್ವಜನಿಕ ಐಪಿ ಇದೆ. ನಿಯಮ ಹಾಕುವುದು ಹೇಗೆ?

ಮೊದಲು ರೇಡಿಯೊ ಅಥವಾ ಕಂಪ್ಯೂಟರ್‌ಗೆ ಬದಲಾಗದ ಒಳವಿಳಾಸ ಕೊಡಿ. ರೂಟರ್‌ನಲ್ಲಿ ಒಳವಿಳಾಸ ಹಂಚುವ ಡಿಎಚ್‌ಸಿಪಿ ಭಾಗದಲ್ಲಿ 'ಅಡ್ರೆಸ್ ರಿಸರ್ವೇಷನ್' ಎಂದಿರುತ್ತದೆ. ಅಲ್ಲಿ ಆ ಸಾಧನದ ಮ್ಯಾಕ್ ವಿಳಾಸದ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆಯ) ಎದುರು 192.168.73.50 ಎಂದೋ ಮತ್ತೊಂದೋ ಬರೆಯಿರಿ. ಇದನ್ನು ಬಿಟ್ಟರೆ ಇವತ್ತು ನಡೆದದ್ದು, ಕರೆಂಟ್ ಹೋಗಿ ಬಂದ ಮೇಲೆ ನಡೆಯುವುದಿಲ್ಲ. ವಿಳಾಸ ಬದಲಾಗಿ ನಿಯಮ ಯಾರದೋ ಫೋನಿಗೆ ದಾರಿ ತೋರಿಸುತ್ತಿರುತ್ತದೆ.

ಆಮೇಲೆ ಫಾರ್ವರ್ಡಿಂಗ್ ಪುಟ. ಕೆಲವು ರೂಟರ್‌ಗಳಲ್ಲಿ ಇದರ ಹೆಸರು 'ವರ್ಚುವಲ್ ಸರ್ವರ್', ಕೆಲವದರಲ್ಲಿ 'ನ್ಯಾಟ್' ಮೆನುವಿನ ಒಳಗೆ ಅಡಗಿರುತ್ತದೆ. ಹೊರ ಪೋರ್ಟ್, ಒಳ ಪೋರ್ಟ್, ಒಳವಿಳಾಸ, ಪ್ರೊಟೊಕಾಲ್ ಈ ನಾಲ್ಕನ್ನು ತುಂಬಿ ಉಳಿಸಿ. ಪ್ರೊಟೊಕಾಲ್ ಎಂದರೆ ಮಾಹಿತಿ ಸಾಗಿಸುವ ರೀತಿ, ಯುಡಿಪಿ ಅಥವಾ ಟಿಸಿಪಿ. ಯುಡಿಪಿ ಬೇಕಾದ ಕಡೆ ಟಿಸಿಪಿ ಆಯ್ದುಬಿಡುವುದು ಸಾಮಾನ್ಯ ತಪ್ಪು. ಕೊನೆಯಲ್ಲಿ, ವಿಂಡೋಸ್ ಕಂಪ್ಯೂಟರ್ ನಡುವೆ ಇದ್ದರೆ ಅದರ ಫೈರ್‌ವಾಲ್‌ನಲ್ಲೂ ಅದೇ ಪೋರ್ಟಿಗೆ ಒಳಬರುವ ಅನುಮತಿ ಕೊಡಿ.

ಯಾವುದಕ್ಕೆ ಯಾವ ಪೋರ್ಟ್?

ಎಕೋಲಿಂಕ್‌ಗೆ ಯುಡಿಪಿ 5198 ಮತ್ತು 5199 ಒಳಬರಬೇಕು. ಟಿಸಿಪಿ 5200 ಒಳಗಿನಿಂದ ಹೊರಹೋಗಲು ಮಾತ್ರ, ಅದಕ್ಕೆ ನಿಯಮ ಬೇಡ. ಫೋನಿನ ಎಕೋಲಿಂಕ್ ಆ್ಯಪ್ ರಿಲೇ ಅಥವಾ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕ ಹೋದರೆ ಯಾವ ಪೋರ್ಟೂ ತೆರೆಯಬೇಕಿಲ್ಲ. ರೇಡಿಯೊಗಳನ್ನು ಇಂಟರ್ನೆಟ್ಟಿನಲ್ಲಿ ಜೋಡಿಸುವ ಆಲ್‌ಸ್ಟಾರ್ ನೋಡ್‌ಗೆ ಯುಡಿಪಿ 4569. ರೇಡಿಯೊ ಕಂಪನಿ ಐಕಾಮ್‌ನ ದೂರನಿಯಂತ್ರಣದ ಆರ್‌ಎಸ್-ಬಿಎ1 ಸಾಫ್ಟ್‌ವೇರ್‌ಗೆ, ಹಾಗೆಯೇ ಐಸಿ-705, ಐಸಿ-7610, ಐಸಿ-9700ರಂತೆ ಸರ್ವರ್ ಒಳಗೇ ಇರುವ ಸೆಟ್‌ಗಳಿಗೆ, ಯುಡಿಪಿ 50001, 50002, 50003: ನಿಯಂತ್ರಣಕ್ಕೊಂದು, ಸೀರಿಯಲ್ ಆದೇಶಗಳಿಗೊಂದು, ಧ್ವನಿಗೊಂದು. ಮೂರರಲ್ಲಿ ಕೊನೆಯದು ಬಿಟ್ಟುಹೋದರೆ ಡಯಲ್ ತಿರುಗುತ್ತದೆ, ಧ್ವನಿ ಬರುವುದಿಲ್ಲ. ಬ್ರೌಸರ್‌ನಲ್ಲಿ ಕೇಳುವ ರಿಸೀವರ್‌ಗಳಾದ ಕಿವಿಎಸ್‌ಡಿಆರ್ ಮತ್ತು ಓಪನ್‌ವೆಬ್‌ಆರ್‌ಎಕ್ಸ್ ಎರಡಕ್ಕೂ ಟಿಸಿಪಿ 8073.

ಡಿಎಂಆರ್ (ಡಿಜಿಟಲ್ ರೇಡಿಯೊ) ಹಾಟ್‌ಸ್ಪಾಟ್ ಇಟ್ಟುಕೊಂಡವರು ಪೋರ್ಟ್ ತೆರೆಯುವುದು ಸಾಮಾನ್ಯವಾಗಿ ಅನಗತ್ಯ. ಅದು ತಾನೇ ಹೊರಗಿನ ಸರ್ವರ್‌ಗೆ ಕರೆ ಮಾಡುತ್ತದೆ.

ಎಂದೂ ತೆರೆಯಬಾರದ ಕೆಲವು ಇವೆ, ಇದನ್ನು ಒತ್ತಿ ಹೇಳುತ್ತೇನೆ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ 3389, ಅದೇ ಕೆಲಸದ ವಿಎನ್‌ಸಿಯ 5900, ರೇಡಿಯೊ ನಿಯಂತ್ರಿಸುವ ಹ್ಯಾಮ್‌ಲಿಬ್ ರಿಗ್‌ಸಿಟಿಎಲ್‌ಡಿಯ 4532, ಯುಎಸ್‌ಬಿ ರಿಸೀವರಿನ ಆರ್‌ಟಿಎಲ್-ಟಿಸಿಪಿಯ 1234. ಮೊದಲ ಎರಡನ್ನು ಜಗತ್ತಿನ ಯಂತ್ರಗಳು ಹಗಲೂ ರಾತ್ರಿ ತಟ್ಟುತ್ತಿರುತ್ತವೆ. ಕೊನೆಯ ಎರಡು ಸಾಮಾನ್ಯ ಬಳಕೆಯಲ್ಲಿ ಪಾಸ್‌ವರ್ಡನ್ನೇ ಕೇಳುವುದಿಲ್ಲ. ರಿಗ್‌ಸಿಟಿಎಲ್‌ಡಿಯ ಮೂಲಕ ಯಾರೋ ಅಪರಿಚಿತ ನಿಮ್ಮ ಸೆಟ್‌ನಿಂದ ಟ್ರಾನ್ಸ್‌ಮಿಟ್ ಮಾಡಬಹುದು.

ಹಾಗಾದರೆ ಟ್ರಾನ್ಸ್‌ಮಿಟ್ ಮಾಡುವ ರೇಡಿಯೊಗೆ ಪೋರ್ಟ್ ತೆರೆಯುವುದೇ ತಪ್ಪೇ?

ತಪ್ಪಲ್ಲ, ಆದರೆ ಅದಕ್ಕಿಂತ ಒಳ್ಳೆಯ ಕ್ರಮವಿದೆ. ಸಾರ್ವಜನಿಕ ಐಪಿ ಇದ್ದವರು ರೇಡಿಯೊದ ಮೂರು ಪೋರ್ಟ್ ತೆರೆಯುವ ಬದಲು ವೈರ್‌ಗಾರ್ಡ್ ಎಂಬ ವಿಪಿಎನ್‌ಗೆ ಒಂದೇ ಒಂದು, ಯುಡಿಪಿ 51820, ತೆರೆಯಿರಿ. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹೊರಗಿನವರ ಪಾಲಿಗೆ ಅಲ್ಲಿ ಏನೂ ಇಲ್ಲ. ಕೀಲಿ ಇರುವ ನಿಮಗೆ ಮಾತ್ರ ರೇಡಿಯೊ, ರೊಟೇಟರ್, ಡೆಸ್ಕ್‌ಟಾಪ್ ಎಲ್ಲವೂ ಊರಿನ ಮನೆಯಲ್ಲೇ ಕೂತಂತೆ ಸಿಗುತ್ತವೆ. ಕೇಳಲು ಮಾತ್ರ ಇರುವ ರಿಸೀವರ್‌ಗೆ ಪೋರ್ಟ್ ತೆರೆಯಿರಿ, ಟ್ರಾನ್ಸ್‌ಮಿಟರ್‌ಗೆ ವಿಪಿಎನ್ ಹಾಕಿ: ನನ್ನ ಸಲಹೆ ಇಷ್ಟೇ.

ಗಾಳಿಯಲ್ಲಿ ರಹಸ್ಯ ಸಂಕೇತ ಬಳಸಬಾರದಲ್ಲ, ವಿಪಿಎನ್ ಹೇಗೆ ಸರಿ ಎಂದು ಕೆಲವರು ಕೇಳುತ್ತಾರೆ. ವಿಪಿಎನ್‌ನ ಗುಪ್ತತೆ ನಿಮ್ಮ ಲ್ಯಾಪ್‌ಟಾಪ್‌ನಿಂದ ಊರಿನ ಮನೆಯವರೆಗಿನ ಇಂಟರ್ನೆಟ್ ದಾರಿಗೆ ಮಾತ್ರ. ಆಂಟೆನಾದಿಂದ ಹೊರಡುವ ಮಾತು ಎಲ್ಲರಿಗೂ ಕೇಳುವ ಮಾತೇ.

ಡಿಎಂಜೆಡ್ ಆನ್ ಮಾಡಿದರೆ ಎಲ್ಲ ಸುಲಭವಂತೆ?

ಸುಲಭ ಹೌದು, ಎಲ್ಲರಿಗೂ ಸುಲಭ. ಕಂಪ್ಯೂಟರ್‌ನ ಎಲ್ಲ ಪೋರ್ಟೂ ಹೊರಗೆ ತೆರೆದುಕೊಳ್ಳುತ್ತವೆ. ಬೇಡ. ಯುಪಿಎನ್‌ಪಿ ಕೂಡ ಆಫ್ ಮಾಡಿ. ಮನೆಯ ಯಾವುದೋ ಅಗ್ಗದ ಕ್ಯಾಮೆರಾ ನಿಮ್ಮನ್ನು ಕೇಳದೆ ಪೋರ್ಟ್ ತೆರೆದುಕೊಳ್ಳಲು ಅದು ಬಿಡುತ್ತದೆ. ಅದೇ ಕೈಯಲ್ಲಿ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ನಿಲ್ಲಿಸಿ.

ಎಲ್ಲ ಸರಿಯಾಗಿ ಹಾಕಿದ್ದೇನೆ, ಆದರೂ ಸಿಗುತ್ತಿಲ್ಲ. ಪರೀಕ್ಷಿಸುವುದು ಹೇಗೆ?

ಅದೇ ಮನೆಯ ವೈಫೈನಲ್ಲಿ ಕೂತು ಸಾರ್ವಜನಿಕ ವಿಳಾಸಕ್ಕೆ ಕರೆ ಮಾಡಿ ನೋಡಬೇಡಿ. ಒಳಗಿನಿಂದ ಹೊರಗೆ ಹೋಗಿ ಮತ್ತೆ ಒಳಬರುವ ಸುತ್ತುದಾರಿಯನ್ನು ಎಷ್ಟೋ ರೂಟರ್‌ಗಳು ಒಪ್ಪುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ನೋಡಿ. ಪೋರ್ಟ್ ಪರೀಕ್ಷಿಸುವ ಜಾಲತಾಣಗಳು ಬಹುಪಾಲು ಟಿಸಿಪಿಯನ್ನಷ್ಟೇ ಪರೀಕ್ಷಿಸುತ್ತವೆ, ಯುಡಿಪಿಗೆ ಅವು 'ಮುಚ್ಚಿದೆ' ಎಂದರೆ ನಂಬಬೇಕಿಲ್ಲ. ಎಕೋಲಿಂಕ್‌ನ ಟೂಲ್ಸ್ ಮೆನುವಿನಲ್ಲಿ ಅದರದ್ದೇ ಫೈರ್‌ವಾಲ್ ಪರೀಕ್ಷೆ ಇದೆ.

ನಿನ್ನೆ ಸಿಕ್ಕಿದ್ದು ಇವತ್ತು ಸಿಗದಿದ್ದರೆ ಸಾರ್ವಜನಿಕ ವಿಳಾಸ ಬದಲಾಗಿರಬಹುದು. ಡಕ್‌ಡಿಎನ್‌ಎಸ್ ಅಥವಾ ನೋ-ಐಪಿಯಂಥ ಡೈನಾಮಿಕ್ ಡಿಎನ್‌ಎಸ್ ಸೇವೆಯಲ್ಲಿ ಒಂದು ಹೆಸರು ಪಡೆದು ರೂಟರ್‌ನಲ್ಲೋ ಪೈಯಲ್ಲೋ ಹಾಕಿಬಿಟ್ಟರೆ ಆ ತೊಂದರೆ ತೀರಿತು.

ಮಾತು ತಡವಾಗಿ ಬರುತ್ತದೆ, ತುಂಡಾಗುತ್ತದೆ. ಹೆಚ್ಚು ವೇಗದ ಪ್ಲಾನ್ ಬೇಕೇ?

ಬಹುಶಃ ಬೇಡ. 8 ಕಿಲೋಹರ್ಟ್ಸ್‌ನಲ್ಲಿ 8 ಬಿಟ್ ಧ್ವನಿಗೆ ಬೇಕಾದದ್ದು ಸೆಕೆಂಡಿಗೆ 64 ಕಿಲೋಬಿಟ್, 16 ಬಿಟ್‌ಗೆ 128. ಯಾವ ಫೈಬರ್ ಲೈನಿಗೂ ಇದು ಲೆಕ್ಕಕ್ಕಿಲ್ಲ. ತುಂಡಾಗುವುದು ಹೆಚ್ಚಾಗಿ ವೈಫೈನಿಂದ: ರೇಡಿಯೊವನ್ನು ರೂಟರ್‌ಗೆ ತಂತಿಯಲ್ಲೇ ಸೇರಿಸಿ, ಬಫರ್ ಸ್ವಲ್ಪ ಹೆಚ್ಚಿಸಿ. ಎಸ್‌ಎಸ್‌ಬಿಯಲ್ಲಿ (ಬಾಯಿಮಾತು ಕಳಿಸುವ ರೀತಿ) ಮಾತಾಡುವವರಿಗೆ ಸಣ್ಣ ತಡ ಬಾಧಿಸದು. ಮೋರ್ಸ್ ಕಳಿಸುವವರಿಗೆ ಬಾಧಿಸುತ್ತದೆ, ತಮ್ಮ ಕೈಯ ಸದ್ದು ತಡವಾಗಿ ಕಿವಿಗೆ ಬಂದರೆ ಲಯ ಕೆಡುತ್ತದೆ. ಅವರು ಆ ಸದ್ದನ್ನು (ಸೈಡ್‌ಟೋನ್) ತಮ್ಮ ಲ್ಯಾಪ್‌ಟಾಪ್‌ನಲ್ಲಿಯೇ ಹುಟ್ಟಿಸಿಕೊಂಡು, ಅಕ್ಷರಗಳನ್ನು ರೇಡಿಯೊದ ಒಳಗಿನ ಕೀಯರ್‌ಗೆ (ಮೋರ್ಸ್ ಹುಟ್ಟಿಸುವ ಭಾಗ) ಕಳಿಸುವುದು ಮೇಲು.

ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ. ಇದು ಪೋರ್ಟಿನ ಸಮಸ್ಯೆಯೇ?

ಅಲ್ಲ. ನಿಮ್ಮದೇ 100 ವಾಟ್ ನಿಮ್ಮ ರೂಟರ್‌ನೊಳಗೆ ನುಗ್ಗುತ್ತಿದೆ. ಲ್ಯಾನ್ ತಂತಿ, ಅಡಾಪ್ಟರ್ ತಂತಿ ಎರಡೂ ಆಂಟೆನಾದಂತೆ ವರ್ತಿಸಿ ರೂಟರ್ ರೀಸ್ಟಾರ್ಟ್ ಆಗುತ್ತದೆ. 10 ವಾಟ್‌ಗೆ ಇಳಿಸಿ ನೋಡಿ; ಆಗ ನಿಂತರೆ ಅನುಮಾನ ನಿಜ. ಎರಡೂ ತಂತಿಗಳನ್ನು ಫೆರೈಟ್ ಕೋರ್ ಮೇಲೆ ಹಲವು ಸುತ್ತು ಸುತ್ತಿ, ಫೀಡರ್ (ಆಂಟೆನಾಗೆ ಹೋಗುವ ಕೇಬಲ್) ಆಂಟೆನಾಗೆ ಸೇರುವಲ್ಲಿ ಬಾಲನ್ ಹಾಕಿ, ರೂಟರನ್ನು ಫೀಡರ್‌ನಿಂದ ದೂರ ಸರಿಸಿ. ಗದ್ದಲ ಮಾಡುವ ಅಗ್ಗದ ಅಡಾಪ್ಟರ್ ಬದಲಿಸಿದರೆ ಕೇಳುವಿಕೆಯೂ ಸುಧಾರಿಸುತ್ತದೆ.

ಇದನ್ನು ಹಗುರವಾಗಿ ಎಣಿಸಬೇಡಿ. ಸಂಪರ್ಕ ಕಡಿದ ಕ್ಷಣದಲ್ಲಿ ರೇಡಿಯೊ ಟ್ರಾನ್ಸ್‌ಮಿಟ್‌ನಲ್ಲೇ ಸಿಕ್ಕಿಕೊಂಡರೆ ನೀವು ನಲವತ್ತು ಕಿಲೋಮೀಟರ್ ಆಚೆ ಇರುತ್ತೀರಿ, ಬ್ಯಾಂಡಿನಲ್ಲಿ ಇರುವವರಿಗೆಲ್ಲ ತೊಂದರೆ. ಸೆಟ್‌ನ ಮೆನುವಿನಲ್ಲಿ ಇಂತಿಷ್ಟು ಹೊತ್ತಿನ ಮೇಲೆ ಟ್ರಾನ್ಸ್‌ಮಿಟ್ ನಿಲ್ಲಿಸುವ ಟೈಮ್-ಔಟ್ ಟೈಮರ್ ಇದ್ದರೆ ಅತಿ ಕಡಿಮೆ ಅವಧಿಗೆ ಇಡಿ. ಪವರ್ ಸಪ್ಲೈಗೆ ಒಂದು ಸ್ಮಾರ್ಟ್ ಪ್ಲಗ್ ಹಾಕಿ, ಸಾಧ್ಯವಾದರೆ ಅದು ಬೇರೆ ಸಿಮ್‌ನ ಸಂಪರ್ಕದಲ್ಲಿರಲಿ. ಊರಿನ ಮನೆಯಲ್ಲಿರುವ ಅಮ್ಮನಿಗೋ ತಮ್ಮನಿಗೋ 'ಫೋನ್ ಮಾಡಿದರೆ ಈ ಸ್ವಿಚ್ ಆರಿಸಿಬಿಡಿ' ಎಂದು ಕೆಂಪು ಸ್ಟಿಕ್ಕರ್ ಅಂಟಿಸಿ ತೋರಿಸಿಡಿ.

ಕರೆಂಟ್, ಸಿಡಿಲು?

ಕರೆಂಟ್ ಹೋಗುವ ಹೊತ್ತಿಗೆ ಓಎನ್‌ಟಿ, ರೂಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಾಕು. ಕಂಪ್ಯೂಟರ್‌ನ ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ತಾನಾಗಿ ಏಳುವಂತೆ ಮಾಡಿ, ಸ್ಲೀಪ್ ನಿಲ್ಲಿಸಿ. ಐಕಾಮ್ ಸೆಟ್‌ಗಳಲ್ಲಿ ರಿಮೋಟ್‌ನಿಂದ ಆರಿಸಿದಾಗ 'ಸ್ಟ್ಯಾಂಡ್‌ಬೈ' ಆಗಬೇಕೋ 'ಶಟ್‌ಡೌನ್' ಆಗಬೇಕೋ ಎಂಬ ಆಯ್ಕೆ ಇರುವ ಕಡೆ ಸ್ಟ್ಯಾಂಡ್‌ಬೈ ಆಯ್ದುಕೊಳ್ಳಿ. ಇಲ್ಲವಾದರೆ ಆರಿಸಿದ ಸೆಟ್ ಹೊತ್ತಿಸಲು ಬಸ್ ಹತ್ತಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಯಾವ ಸಾಫ್ಟ್‌ವೇರೂ ಉತ್ತರವಲ್ಲ. ಬಳಸದ ಹೊತ್ತಿನಲ್ಲಿ ಫೀಡರ್ ಬಿಚ್ಚಿ ನೆಲಕ್ಕೆ ಸೇರಿಸುವ ರಿಲೇ, ಒಳ್ಳೆಯ ಅರ್ಥಿಂಗ್ ಎರಡೂ ಬೇಕು. ಮೋಡ ಕವಿದ ಸಂಜೆ ಕೈಯಿಂದಲೇ ಬಿಚ್ಚಿಸುವುದು ಇನ್ನೂ ಭದ್ರ.

ಪರವಾನಗಿ ಇದಕ್ಕೆ ಒಪ್ಪುತ್ತದೆಯೇ?

ನಮ್ಮ ದೇಶದ ಹ್ಯಾಮ್ ನಿಯಮಗಳು ರೂಪುಗೊಂಡದ್ದು 1978ರಲ್ಲಿ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರಲ್ಲಿ. ಹಾಗಾಗಿ ಅವನ್ನು ಬರೆದಾಗ ಇಂಟರ್ನೆಟ್ ಮೂಲಕ ರೇಡಿಯೊ ನಡೆಸುವ ಯೋಚನೆ ಯಾರಿಗೂ ಇರಲಿಲ್ಲ. ಪರವಾನಗಿ ಪತ್ರದಲ್ಲಿ ನಿಮ್ಮ ನಿಲ್ದಾಣದ ವಿಳಾಸ ನಮೂದಾಗಿರುತ್ತದೆ. ರೇಡಿಯೊ ಊರಿನಲ್ಲಿದ್ದು ಪತ್ರದಲ್ಲಿ ಮೈಸೂರಿನ ಮನೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ದೂರದಿಂದ ಟ್ರಾನ್ಸ್‌ಮಿಟ್ ಮಾಡುವ ಮುನ್ನ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗಕ್ಕೆ ಬರೆದು, ಉತ್ತರವನ್ನು ಪರವಾನಗಿಯ ಜೊತೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಕೇಳುವುದಕ್ಕೆ ಮಾತ್ರ ಬಳಸಿ. ನೆಟ್‌ವರ್ಕ್ ಎಷ್ಟು ಗಟ್ಟಿ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ. ಪಾಸ್‌ವರ್ಡನ್ನು ಪರವಾನಗಿ ಇಲ್ಲದ ಗೆಳೆಯರಿಗೆ ಕೊಡುವಂತಿಲ್ಲ, ಎಷ್ಟೇ ಆಪ್ತರಾದರೂ.

ಒಂದೇ ಮನೆಯಲ್ಲಿ ಎರಡು ರೇಡಿಯೊ, ಎರಡು ಎಕೋಲಿಂಕ್ ಆಗುತ್ತದೆಯೇ?

ಐಕಾಮ್ ಎರಡಿದ್ದರೆ ಆಗುತ್ತದೆ: ಎರಡನೆಯದರ ಮೆನುವಿನಲ್ಲಿ ಪೋರ್ಟ್‌ಗಳನ್ನು 50004, 50005, 50006 ಎಂದು ಬದಲಿಸಿ ಅದಕ್ಕೆ ಬೇರೆ ನಿಯಮ ಬರೆಯಿರಿ. ಎಕೋಲಿಂಕ್‌ನ ಪೋರ್ಟ್‌ಗಳು ಬದಲಾಗುವುದಿಲ್ಲ, ಆದ್ದರಿಂದ ಒಂದು ಸಾರ್ವಜನಿಕ ವಿಳಾಸಕ್ಕೆ ನೇರವಾಗಿ ಒಂದೇ. ಎರಡನೆಯವರು ಪ್ರಾಕ್ಸಿ ಮೂಲಕ ಹೋಗಬೇಕು.

ಸೆಟ್ ಮಾರಿದೆ, ಅಥವಾ ವಿಪಿಎನ್‌ಗೆ ಬದಲಾದೆ. ಹಳೆಯ ನಿಯಮಗಳು ಇದ್ದರೆ ತೊಂದರೆಯೇ?

ತೊಂದರೆ. ನಾಳೆ ಅದೇ ಒಳವಿಳಾಸ ಮತ್ತೊಂದು ಸಾಧನಕ್ಕೆ ಸಿಕ್ಕರೆ ಆ ನಿಯಮ ಅದನ್ನು ಹೊರಗೆ ತೆರೆದಿಡುತ್ತದೆ. ಫಾರ್ವರ್ಡಿಂಗ್ ಪುಟದಿಂದ ನಿಯಮ, ಡಿಎಚ್‌ಸಿಪಿ ಪುಟದಿಂದ ಮೀಸಲು ವಿಳಾಸ, ವಿಂಡೋಸ್ ಫೈರ್‌ವಾಲ್‌ನಿಂದ ಅನುಮತಿ, ಮೂರನ್ನೂ ಅಳಿಸಿ. ಓಎನ್‌ಟಿಯಲ್ಲೂ ಬರೆದಿದ್ದಿರಾದರೆ ಅಲ್ಲಿಯದನ್ನೂ. ಸೆಟ್ ಮಾರುವುದಾದರೆ ಅದರ ನೆಟ್‌ವರ್ಕ್ ಮೆನುವಿನಲ್ಲಿ ಉಳಿದಿರುವ ನಿಮ್ಮ ಬಳಕೆದಾರ ಹೆಸರು, ಪಾಸ್‌ವರ್ಡ್ ತೆಗೆದು ಕೊಡಿ.